ವಾಪಸ್ ಬಂದದ್ದು ಹೇಗೆ

ಟೈಲರ್ ಅಂಗಡಿಯಲ್ಲಿ ಕತ್ತರಿಯೇ ಇಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಮ್ಮಲ್ಲಿ ಇರಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಹಿಡಿದು ನೂಲು ತುಂಡರಿಸುವ ಪುಟ್ಟದರವರೆಗೆ ಎಲ್ಲವನ್ನೂ ನಾನೇ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದೆ. ಬೀಗದ ಕೈ ನನ್ನ ಕೊರಳಿನಲ್ಲಿ. ಕೆಲಸದವರೆಲ್ಲ ನೂಲನ್ನು ಹಲ್ಲಿನಿಂದ ಕಡಿಯುತ್ತಿದ್ದರು. ಕಾಜಾ ಹೊಲಿಯುವ ಅಜ್ಜಿಗೆ ಮುಂದಿನ ಹಲ್ಲುಗಳೇ ಇಲ್ಲ. ಅವಳು ಗುಂಡಿ ಗುಂಡಿಗೂ ಎದ್ದು ಬಂದು, "ಕಚ್ಚಿ ಕೊಡಮ್ಮಾ" ಎಂದು ಅಂಗಿಯನ್ನು ನನ್ನ ಬಾಯಿಗೆ ಹಿಡಿಯುತ್ತಿದ್ದಳು.

ಇಷ್ಟೆಲ್ಲ ನನ್ನ ತಮ್ಮನಿಗಾಗಿ. ಅವನು ನಮ್ಮ ಅಂಗಡಿಯ ಕಟಿಂಗ್ ಮಾಸ್ಟರ್. ನಾನು ಹೆರದಿದ್ದರೂ ಎತ್ತಿ ಆಡಿಸಿದವನು, ಮದುವೆ ಬೇಡವೆಂದು ಅಂಗಡಿಯ ಮೇಲಿನ ಮನೆಯಲ್ಲಿ ನನ್ನ ಜೊತೆಗೇ ಉಳಿದವನು. ಬೀದಿಯವರೆಲ್ಲ ಮಾಸ್ಟರ್ ಎಂದೇ ಕರೆಯುತ್ತಾರೆ, ಎಷ್ಟೋ ಸಲ ನನ್ನ ಬಾಯಲ್ಲೂ ಅದೇ ಬರುತ್ತದೆ. ಅಂಗಡಿ ನನ್ನದು, ಬಾಯಿಯೂ ನನ್ನದು, ಕೈ ಮಾತ್ರ ಅವನದು. ಅಂಥವನು ಒಂದು ದಿನ ಬೆಳಿಗ್ಗೆ ನೂಲು ತರುತ್ತೇನೆಂದು ಹೋಗಿ ಸೇತುವೆಯ ಕಂಬಿಯ ಆಚೆ ನಿಂತ.

ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನೇ ಕೇಳಿ ಕೇಳಿ ಸೋತಿದ್ದೇನೆ. ಆಸ್ಪತ್ರೆಯಲ್ಲಿ ಕೇಳಿದೆ, ಮನೆಯಲ್ಲಿ ಕೇಳಿದೆ, ಅಳುತ್ತ ಕೇಳಿದೆ, ಬೈಯುತ್ತ ಕೇಳಿದೆ. "ಗೊತ್ತಿಲ್ಲ ಅಕ್ಕಾ. ತುಂಬಾ ದಿನದಿಂದ ಸುಸ್ತಾಗಿತ್ತು" ಎನ್ನುತ್ತಿದ್ದ. ಸುಸ್ತಾದರೆ ಮಲಗಬೇಕು ತಾನೇ? ಡಾಕ್ಟರಮ್ಮನಿಗೂ ಹಾಗೇ ಹೇಳಿದೆ. ಆಕೆ, ಇದು ಕಾಯಿಲೆ, ಮಾತ್ರೆ ತಪ್ಪಿಸಬೇಡಿ, ಒಬ್ಬರನ್ನೇ ಬಿಡಬೇಡಿ, ಅವರ ಕೆಲಸ ಅವರಿಗೆ ನಿಧಾನಕ್ಕೆ ವಾಪಸ್ ಕೊಡಿ ಎಂದರು. ಮೊದಲಿನ ಮಾತುಗಳನ್ನು ಕಿವಿಗೆ ಹಾಕಿಕೊಂಡೆ, ಕೊನೆಯದನ್ನು ಅಲ್ಲೇ ಬಿಟ್ಟು ಬಂದೆ.

ಅವನ ಸುದ್ದಿ ನಮಗೆ ಮೊದಲು ಬಂದದ್ದು ಓವರ್‌ಲಾಕನ ಮೊಬೈಲಿನಲ್ಲಿ. ಓವರ್‌ಲಾಕ್ ಎಂದರೆ ನಮ್ಮಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಮೇಲೆ ಕೂರುವವನು. ಮಕ್ಕಳೊಂದಿಗ, ಮಷಿನ್ನಿಗಿಂತ ಅವನ ಬಾಯಿ ಜೋರು. "ಅಕ್ಕಾ, ಇದು ನಮ್ಮ ಮಾಸ್ಟರ್ ಅಲ್ವಾ?" ಎಂದು ಫೋನು ಹಿಡಿದ. ಯಾರೋ ಕಾರಿನೊಳಗೆ ಕೂತು ತೆಗೆದ ವಿಡಿಯೊ. ಸಾಲಾಗಿ ನಿಂತ ಗಾಡಿಗಳು, ಹಾರ್ನು, ದೂರದಲ್ಲಿ ನನ್ನ ತಮ್ಮನ ಬೆನ್ನು. ಕಾರಿನೊಳಗಿನ ದನಿ ನಗುತ್ತ ಹೇಳುತ್ತಿತ್ತು: "ಬೇಗ ಏನಾದ್ರೂ ಒಂದು ತೀರ್ಮಾನ ಮಾಡಪ್ಪಾ, ಆಫೀಸಿಗೆ ಹೊತ್ತಾಗ್ತಿದೆ." ಆಮೇಲೆ ಗಾಡಿಗಳು ಕದಲಿದವು, ವಿಡಿಯೊ ಮುಗಿಯಿತು. ಅವನು ಕಂಬಿ ದಾಟಿ ಈಚೆ ಬಂದದ್ದನ್ನು ತೆಗೆಯುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಅದರ ಕೆಳಗೆ ಜನ ಬರೆದದ್ದನ್ನು ನಾನು ಓದಬಾರದಿತ್ತು. ಓದಿದೆ. ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಇವರು ಬೀಳದೆ ಉಳಿದವನನ್ನೂ ಬಿಡಲಿಲ್ಲ. ‘ನಿಜವಾಗಿ ಸಾಯೋನು ಹೀಗೆ ಜನರ ಮುಂದೆ ನಿಲ್ಲಲ್ಲ, ಬರೀ ನಾಟಕ.’ ‘ಗಂಡಸಾಗಿ ನಾಚಿಕೆ ಆಗಲ್ವಾ?’ ‘ಟ್ರಾಫಿಕ್ ನಿಲ್ಲಿಸಿದ್ದಕ್ಕೆ ದಂಡ ಹಾಕಿ.’ ಮುಖದ ಜಾಗದಲ್ಲಿ ತನ್ನ ಮಗುವಿನ ಫೋಟೊ ಹಾಕಿಕೊಂಡ ಹೆಂಗಸೊಬ್ಬಳು ‘ಭೂಮಿಗೆ ಭಾರ’ ಎಂದು ಬರೆದು, ಕೊನೆಗೆ ಒಂದು ನಗುವ ಮುಖ ಇಟ್ಟಿದ್ದಳು. ಆ ಮಗುವಿನ ಅಂಗಿ ಯಾವ ಪುಣ್ಯಾತ್ಮ ಹೊಲಿದಿದ್ದನೋ, ಕಾಲರ್ ಸೊಟ್ಟಗಿತ್ತು.

ಅಲ್ಲಿಗೇ ನಿಂತಿದ್ದರೆ ಮರುದಿನ ಇನ್ನೊಂದು ವಿಡಿಯೊ ಬಂದು ಇದು ಮುಳುಗುತ್ತಿತ್ತು. ಆದರೆ ಓವರ್‌ಲಾಕನಿಗೆ ಮಾಸ್ಟರ್ ಎಂದರೆ ಪ್ರಾಣ. ಊಟ ಬಿಟ್ಟು ಕೂತು ಅವನು ಬರೆದ: ‘ಇವರು ನಮ್ಮ ಮಾಸ್ಟರ್. ಇವರ ಬಗ್ಗೆ ಮಾತಾಡೋ ಯೋಗ್ಯತೆ ನಿಮಗಿಲ್ಲ. ಇವರಂಥ ಕೈ ಈ ಊರಲ್ಲೇ ಇಲ್ಲ.’ ಇಲ್ಲಿಯವರೆಗೆ ಸರಿ. ಅದರ ಕೆಳಗೆ ಅಂಗಡಿಯ ಹೆಸರು, ಬೀದಿ, ಫೋನ್ ನಂಬರು, ‘ಭಾನುವಾರ ರಜೆ’. ಅವನನ್ನು ಬೈಯಲು ಬಾಯಿ ತೆರೆದು ಮುಚ್ಚಿಕೊಂಡೆ. ಎಲ್ಲಿ ಏನು ಬರೆದರೂ ಕೊನೆಗೆ ವಿಳಾಸ, ನಂಬರು ಇರಲೇಬೇಕು, ಇಲ್ಲದಿದ್ದರೆ ಬರೆದು ಏನು ಬಂತು ಎಂದು ಅವನ ತಲೆಗೆ ತುಂಬಿದವಳೇ ನಾನು. ಅವನ ಬೆರಳು ತಾನಾಗಿಯೇ ಹೊಡೆದಿತ್ತು. ಅಳಿಸುವಷ್ಟರಲ್ಲಿ ಯಾರೋ ಅದನ್ನು ಹಿಡಿದು ವಿಡಿಯೊ ಜೊತೆಗೇ ಅಂಟಿಸಿ ಊರೆಲ್ಲ ಹಂಚಿದ್ದರು.

ನಮ್ಮ ಅಂಗಡಿಯ ಫೋನು ಗೋಡೆಗೆ ಹೊಡೆದ ಹಳೇ ಕಾಲದ್ದು. ಯಾರು ಮಾಡಿದರು, ಯಾವ ನಂಬರಿನಿಂದ ಮಾಡಿದರು ಎಂದು ಅದು ತೋರಿಸುವುದಿಲ್ಲ. ಅದು ಬಡಕೊಳ್ಳಲು ಶುರು ಮಾಡಿತು. "ಹಾರೋ ಮಾಸ್ಟರ್ ಇದಾರಾ?" "ಇವತ್ತು ಯಾವ ಸೇತುವೆ ಅಂತ ಮೊದಲೇ ಹೇಳಿ, ನಾವು ಬೇರೆ ರೋಡಲ್ಲಿ ಹೋಗ್ತೀವಿ." "ಯಾಕೆ ವಾಪಸ್ ಬಂದ್ರಂತೆ, ನೀರು ತಣ್ಣಗಿತ್ತಾ?" ನಾನೇನು ಬಿಡುವವಳೇ? ಅವರ ಅಪ್ಪ, ಅಜ್ಜ, ಅವರನ್ನು ಹೆತ್ತ ಗಳಿಗೆ ಎಲ್ಲವನ್ನೂ ಒಗೆದು ಒಣಹಾಕಿ ರಿಸೀವರ್ ಕುಕ್ಕುತ್ತಿದ್ದೆ. "ನಾಲಿಗೆಗೆ ಎಲುಬಿಲ್ಲ ಅಂತ ಹೀಗಾ ಆಡೋದು!" ಎಂದು ಕಾಜಾ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ದಿನಕ್ಕೆ ಅದೊಂದೇ ಸಮಾಧಾನ. ಆ ನಂಬರನ್ನೇ ತೆಗೆದುಹಾಕಿ ಎಂದು ಫೋನ್ ಕಂಪನಿಗೂ ಹೇಳಿಯಾಗಿತ್ತು.

ಗಿರಾಕಿಗಳೂ ಮೆತ್ತಗೆ ಜಾರತೊಡಗಿದರು. ಹಳಬರೊಬ್ಬರು ಬಂದು ಕೋಟಿನ ಬಟ್ಟೆ ವಾಪಸ್ ಕೇಳಿದರು.

"ತಪ್ಪು ತಿಳ್ಕೋಬೇಡಿ. ಮಗ ಹೊಸ ಕೆಲಸಕ್ಕೆ ಸೇರ್ತಾ ಇದಾನೆ. ಅವರ ಕೈಯಿಂದ... ಈಗ ಬೇಡ ಅನ್ಸುತ್ತೆ."

"ಅವನ ಕೈಗೇನು ಮುಳ್ಳು ಬಂದಿದೆಯಾ?" ಎಂದೆ. ಇನ್ನೂ ಹೇಳುವುದಿತ್ತು. ಅಷ್ಟರಲ್ಲಿ ಪರದೆಯ ಹಿಂದಿನಿಂದ ತಮ್ಮನೇ ಎದ್ದು ಬಂದು, ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ಅವರ ಕೈಗಿಟ್ಟ. ಅವರು ಅವನ ಬೆರಳಿಗೆ ತಾಗದಂತೆ ತೆಗೆದುಕೊಂಡರು. ಅದನ್ನು ನಾನು ನೋಡಿದೆ, ಅವನೂ ನೋಡಿದ.

ಅವನಿಗೆ ನಾನು ಗುಂಡಿ ಹಚ್ಚುವ ಕೆಲಸ ಕೊಟ್ಟಿದ್ದೆ. ಮಾಸ್ಟರಿಗೆ ಗುಂಡಿ! ಅಜ್ಜಿಯ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿದ್ದೆ. ಅವನು ಸೂಜಿ ಇಟ್ಟ ಕೂಡಲೇ ಅಜ್ಜಿ ಎತ್ತಿಟ್ಟುಕೊಳ್ಳುತ್ತಿದ್ದಳು, ಅದೂ ನನ್ನದೇ ಅಪ್ಪಣೆ. ಎಲ್ಲರೂ ಅವನ ಹತ್ತಿರ ಜ್ವರದ ಮಗುವಿನ ಹತ್ತಿರ ಮಾತಾಡಿದಂತೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಓವರ್‌ಲಾಕ್ ಅಂತೂ ತಮಾಷೆ ಮಾಡುವುದನ್ನೇ ಬಿಟ್ಟಿದ್ದ. ಅಂಗಡಿಯಲ್ಲಿ ಮಷಿನ್ನುಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನಗದು ಪ್ರೀತಿ ಎಂದೇ ಅನಿಸುತ್ತಿತ್ತು.

ಕಟಿಂಗ್ ಮಾಡುವವರು ಯಾರು? ನಾನೇ. ಅವನು ಅಜ್ಜಿಯ ಜೊತೆ ಮೇಲೆ ಊಟಕ್ಕೆ ಹೋದಾಗ ಬೀರು ತೆಗೆದು, ಬಟ್ಟೆ ಹಾಸಿ, ಕಳ್ಳಿಯಂತೆ ಕತ್ತರಿಸುತ್ತಿದ್ದೆ. ಒಂದು ಕಟ್ಟಡದ ಕಾವಲುಗಾರರಿಗೆಲ್ಲ ಅಂಗಿ ಹೊಲಿಯುವ ದೊಡ್ಡ ಕೆಲಸ ಬಂದಿತ್ತು. ಎದುರುಬದುರು ಹಾಸಬೇಕಾದ ಬಟ್ಟೆಯನ್ನು ಅವಸರದಲ್ಲಿ ಒಂದರ ಮೇಲೊಂದು ಒಂದೇ ಮಗ್ಗುಲಿಗೆ ಹಾಸಿಬಿಟ್ಟಿದ್ದೆ. ಊಟ ಮುಗಿಸಿ ಬಂದವನು ಆ ರಾಶಿಯನ್ನು ಕಣ್ಣಲ್ಲೇ ಅಳೆದ.

"ಅಕ್ಕಾ, ಎಲ್ಲಾ ಎಡತೋಳು."

"ಇರ್ಲಿ ಬಿಡು. ಅವರಿಗೆಲ್ಲ ಎರಡೂ ಎಡಗೈ ಅಂದ್ಕೋತೀನಿ."

ಅವನು ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವನು, "ಕತ್ತರಿ ಕೊಡಕ್ಕಾ" ಎಂದ.

"ಕೊಡಲ್ಲ."

"ಬಟ್ಟೆ ಕತ್ತರಿಸ್ತೀನಿ, ಅಷ್ಟೇ. ನೀನು ಎದುರಿಗೇ ಕೂತ್ಕೋ. ನನಗೆ ಬರೋದು ಅದೊಂದೇ ಕೆಲಸ."

"ಇನ್ನು ಸ್ವಲ್ಪ ದಿನ ಹೋಗ್ಲಿ."

"ಇಲ್ಲಿ ಗುಂಡಿ ಹಚ್ಕೊಂಡು ಕೂತಿದ್ರೆ ನಾನು ಇನ್ನೂ ಆ ಕಂಬಿ ಆಚೆನೇ ನಿಂತಿದೀನಿ ಅನ್ಸುತ್ತೆ. ನೀವೆಲ್ಲಾ ಈಚೆ ನಿಂತ್ಕೊಂಡು ನೋಡ್ತಾ ಇದೀರ."

"ಕೊಡಲ್ಲ ಅಂದ್ರೆ ಕೊಡಲ್ಲ!" ಎಂದು ಕೂಗಿದೆ. ನನ್ನ ಹೆದರಿಕೆ ಹೊರಬರುವುದೇ ಹಾಗೆ, ಸಿಟ್ಟಾಗಿ. ಅವನು ಮತ್ತೆ ಕೇಳಲಿಲ್ಲ. ಆ ದಿನದಿಂದ ಅನ್ನವನ್ನು ಕೆದಕಿ ಎದ್ದುಬಿಡುತ್ತಿದ್ದ. ಬೆಳಿಗ್ಗೆ ಕರೆದರೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಅವನು ನನ್ನ ಕೈ ಜಾರಿ ಹೋಗುತ್ತಿದ್ದಾನೆ ಎಂದು ನನಗೆ ಕಾಣುತ್ತಿತ್ತು. ಬೀಗದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ತಮ್ಮ ಸ್ಟೂಲಿನ ಮೇಲಿದ್ದ. ನಾನು ಎತ್ತಿದೆ. ಆ ಕಡೆ ಮಾತಿಲ್ಲ, ಬರೀ ಉಸಿರು.

"ಯಾರು? ಮಾತಾಡೋಕೆ ಬಾಯಿ ಇಲ್ವಾ?"

"ಮಾಸ್ಟರ್ ಇದಾರಾ?" ಹುಡುಗಿಯ ದನಿ.

"ಏನಾಗ್ಬೇಕಿತ್ತು?"

"ಒಂದು ಮಾತು ಕೇಳ್ಬೇಕಿತ್ತು. ಅವತ್ತು ಅವರು ಹೇಗೆ ವಾಪಸ್ ಬಂದ್ರು ಅಂತ."

ಬೆಳಗಿನಿಂದ ಅಂಥವು ಎಷ್ಟೋ ಕೇಳಿದ್ದೆ. ನನ್ನ ತಲೆ ಕೆಟ್ಟುಹೋಯಿತು. "ಅಷ್ಟು ತಿಳ್ಕೋಬೇಕು ಅಂತಿದ್ರೆ ನೀನೇ ಹೋಗಿ ಅಲ್ಲಿ ನಿಂತು ನೋಡೇ! ಗೊತ್ತಾಗುತ್ತೆ!" ಎಂದು ಕಿರುಚಿ ರಿಸೀವರ್ ಕುಕ್ಕಿದೆ.

ಓವರ್‌ಲಾಕ್ ಮಷಿನ್ನಿನ ಮೇಲಿಂದ ಕಾಲು ತೆಗೆದ. ಅಜ್ಜಿ ನನ್ನ ಮುಖವನ್ನೇ ನೋಡಿದಳು. ತಮ್ಮ ಎದ್ದು ನಿಂತಿದ್ದ.

"ಏನು ಕೇಳಿದ್ರು ಅಕ್ಕಾ?"

"ಇನ್ನೇನು ಕೇಳ್ತಾರೆ, ದಿನಾ ಇದ್ದದ್ದೇ. ನೀನು ಹೇಗೆ ವಾಪಸ್ ಬಂದೆ ಅಂತ."

"ನಗ್ತಾ ಇದ್ರಾ?"

ಯೋಚಿಸಿದೆ. "ಇಲ್ಲ."

"ಪಕ್ಕದಲ್ಲಿ ಬೇರೆ ಯಾರಾದ್ರೂ ನಗೋದು ಕೇಳಿಸ್ತಾ?"

"ಇಲ್ಲ. ಗಾಳಿ ಇತ್ತು. ಗಾಡಿಗಳ ಸದ್ದು..." ಎನ್ನುವಾಗಲೇ ನನಗೆ ಹೊಳೆಯಿತು, ಅವಳೂ ಯಾವುದೋ ಕಂಬಿಯ ಹತ್ತಿರ ನಿಂತಿರಬಹುದು. ನಾನು ಏನು ಮಾಡಿಬಿಟ್ಟೆ? ಮೊಬೈಲಿನಲ್ಲಿ ಓದಿ ಓದಿ ಶಾಪ ಹಾಕಿದ್ದೆನಲ್ಲ ಆ ಮಾತುಗಳು, ಅವುಗಳಲ್ಲೇ ಅತಿ ಕೆಟ್ಟದ್ದನ್ನು ನಾನೇ, ನನ್ನ ಬಾಯಾರೆ, ಒಂದು ಜೀವದ ಕಿವಿಗೆ ನೇರವಾಗಿ ಹಾಕಿದ್ದೆ. ಅವರು ಕಾರಿನೊಳಗೆ ಕೂತು ಹೇಳಿದ್ದರು, ನಾನು ಅಂಗಡಿಯಲ್ಲಿ ನಿಂತು ಹೇಳಿದೆ. ಅಷ್ಟೇ ವ್ಯತ್ಯಾಸ.

ಚಪ್ಪಲಿ ಕೂಡ ಮೆಟ್ಟದೆ ತಮ್ಮ ಹೊರಟ. ಓವರ್‌ಲಾಕ್ ಪೊಲೀಸರಿಗೆ ಫೋನು ಮಾಡುತ್ತ ಹಿಂದೆ ಓಡಿದ, ಅವರ ಹಿಂದೆ ನಾನು. ಸೇತುವೆ ನಮ್ಮ ಬೀದಿಯಿಂದ ದೂರವಿಲ್ಲ. ಅವನು ಆ ಕಂಬಿಯ ಹತ್ತಿರ ಮತ್ತೆ ಹೋಗುತ್ತಿದ್ದ, ಆದರೆ ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಅವನು ಕಂಬಿಯ ಉದ್ದಕ್ಕೂ ನಡೆದ. ಕಾಲೇಜು ಹುಡುಗಿಯರ, ಕೆಲಸ ಮುಗಿಸಿ ಮನೆಗೆ ಹೋಗುವ ಹೆಂಗಸರ ಮುಖವನ್ನೆಲ್ಲ ನೋಡಿದ. ಒಬ್ಬಳು ಬ್ಯಾಗನ್ನು ಎದೆಗೊತ್ತಿಕೊಂಡು ಬೇಗ ಬೇಗ ಸರಿದು ಹೋದಳು. ಕಡಲೆಕಾಯಿ ಮಾರುವವನನ್ನು, "ಇಲ್ಲಿ ಯಾರಾದ್ರೂ ಹುಡುಗಿ ಫೋನಲ್ಲಿ ಮಾತಾಡ್ತಾ ನಿಂತಿದ್ಲಾ?" ಎಂದು ಕೇಳಿದ.

"ದಿನಕ್ಕೆ ಎಷ್ಟೋ ಜನ ನಿಂತ್ಕೋತಾರೆ, ಮಾತಾಡ್ತಾರೆ, ಹೋಗ್ತಾರೆ ಸ್ವಾಮೀ. ನಾನು ಯಾರನ್ನ ಅಂತ ನೋಡ್ಲಿ?"

ಪೊಲೀಸರಿಗೆ ಅಂಥ ಸುದ್ದಿ ಏನೂ ಬಂದಿರಲಿಲ್ಲವಂತೆ. ಬೇರೆ ಸೇತುವೆಯೋ, ಯಾವುದಾದರೂ ಮನೆಯ ಮಹಡಿಯೋ, ಬರೀ ಬಸ್ ಸ್ಟಾಪೋ, ಯಾರಿಗೆ ಗೊತ್ತು? ತಮ್ಮ ಏದುಸಿರು ಬಿಡುತ್ತ ಕಂಬಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ನಾನೂ ಕೂತೆ. ಕಾಲಿಗೆ ಎಲ್ಲೋ ಗಾಜು ಚುಚ್ಚಿ ಅವನ ಹಿಮ್ಮಡಿಯಲ್ಲಿ ರಕ್ತ ಬರುತ್ತಿತ್ತು. ಸೆರಗಿನಿಂದ ಒರೆಸುತ್ತ, "ಹೇಗೆ ಬಂದೆಯೋ ವಾಪಸ್ಸು?" ಎಂದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಂತು.

"ಒಬ್ಬ ಬಸ್ ಕಂಡಕ್ಟರ್ ಇಳಿದು ಬಂದ. ಬೈಲಿಲ್ಲ. ಯಾಕೆ ಏನು ಅಂತ ಕೇಳ್ಲಿಲ್ಲ. ‘ಅಣ್ಣಾ, ಈ ಅಂಗಿ ಎಲ್ಲಿ ಹೊಲಿಸಿದ್ದು?’ ಅಂದ. ನಾನೇ ಹೊಲಿದಿದ್ದು ಅಂದೆ. ‘ಹೌದಾ! ನನ್ನ ತೋಳು ಉದ್ದ, ಎಲ್ಲಿ ಹೊಲಿಸಿದ್ರೂ ಗಿಡ್ಡ ಆಗುತ್ತೆ, ನೀವು ಒಂದು ಹೊಲ್ಕೊಡ್ತೀರಾ?’ ಅಂತ ಕೈ ಚಾಚಿದ. ನಿಜವಾಗ್ಲೂ ಉದ್ದ ಇತ್ತು ಅಕ್ಕಾ. ಸರಿಯಾಗಿ ನೋಡೋಣ ಅಂತ ತಿರುಗಿದೆ. ಅವನು ನನ್ನ ಕೈ ಹಿಡ್ಕೊಂಡ. ಅಷ್ಟೇ."

"ನನಗ್ಯಾಕೋ ಹೇಳ್ಲಿಲ್ಲ ಇದನ್ನ?"

"ನೀನು ಯಾಕೆ ಹೋದೆ ಅಂತ ಕೇಳ್ತಿದ್ದೆ. ಅದು ನನಗೆ ಗೊತ್ತಿರ್ಲಿಲ್ಲ. ಇದು ಗೊತ್ತಿತ್ತು. ಯಾರೂ ಕೇಳ್ಲಿಲ್ಲ." ಕಾಲನ್ನು ಹಿಂದಕ್ಕೆಳೆದುಕೊಂಡು ಹೇಳಿದ: "ಆ ಹುಡುಗಿ ಒಬ್ಬಳೇ ಕೇಳಿದ್ದು."

ನಾನು ಬಾಯಿ ಬಿಟ್ಟು ಅತ್ತೆ. ತಲೆ ಎತ್ತಿದಾಗ ಎದುರಿನ ಫುಟ್‌ಪಾತಿನಲ್ಲಿ ಜನ ನಿಂತಿದ್ದರು. "ಅವ್ನೇ ಕಣೋ, ಅದೇ ಟೈಲರ್ರು!" ಎಂದು ಒಬ್ಬ ಫೋನು ಎತ್ತಿ ಹಿಡಿದಿದ್ದ. ಓವರ್‌ಲಾಕ್ ಅವನ ಕಡೆ ನುಗ್ಗಿದ. ತಮ್ಮ ಅವನ ತೋಳು ಹಿಡಿದು ಎಳೆದುಕೊಂಡು, "ನಡಿ, ಅಂಗಡಿಗೆ ಹೋಗೋಣ. ಫೋನ್ ಹತ್ರ ಅಜ್ಜಿ ಒಬ್ಬಳೇ ಇದಾಳೆ" ಎಂದ.

ಅಂಗಡಿಗೆ ಬಂದವಳೇ ಕೊರಳಿನಿಂದ ಬೀಗದ ಕೈ ತೆಗೆದು ಬೀರು ತೆರೆದೆ. ದೊಡ್ಡ ಕತ್ತರಿಯನ್ನು ಅವನ ಕೈಗೆ ಕೊಟ್ಟು, ಸುಳ್ಳೇಕೆ ಹೇಳಲಿ, ಕಣ್ಣು ಕೀಳದೆ ಎದುರಿಗೇ ಕೂತೆ. ಈಗ ದಿನಾ ಸಂಜೆ ಅವನೇ ಅದನ್ನು ತಂದು ನನಗೆ ಕೊಡುತ್ತಾನೆ, ನಾನು ಬೀಗ ಹಾಕುತ್ತೇನೆ. ಹಾಗೇ ಮಾಡಿ ಎಂದು ಆಮೇಲೆ ಡಾಕ್ಟರಮ್ಮನೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಅವತ್ತು ಅವನು ಮೊದಲು ಕತ್ತರಿಸಿದ್ದು ನನ್ನ ಎಡತೋಳುಗಳಿಗೆ ಜೋಡಿಯಾಗುವ ಬಲತೋಳುಗಳನ್ನು.

ಹೊಸ ವಿಡಿಯೊ ಮರುದಿನವೇ ಬಂತು. ‘ಮತ್ತೆ ಬಂದ, ಈ ಸಲ ಫ್ಯಾಮಿಲಿ ಸಮೇತ.’ ನನ್ನ ಅಳುವಿಗೂ ಯಾರೋ ಹಾಡು ಸೇರಿಸಿದ್ದರು. ಫೋನುಗಳು ಹೆಚ್ಚಾದವು. ಫೋನ್ ಕಂಪನಿಯ ಆಳು ನಂಬರು ತೆಗೆಯಲು ಬಂದಾಗ ನಾನೇ ಬಾಗಿಲಿನಿಂದ ವಾಪಸ್ ಕಳಿಸಿದೆ. ಆ ಹುಡುಗಿಗೆ ಗೊತ್ತಿರುವುದು ಅದೊಂದೇ ನಂಬರು. ಅವಳು ಇದ್ದರೆ, ಮತ್ತೆ ಮನಸ್ಸು ಮಾಡಿದರೆ, ಆ ಹಾಳು ನಂಬರಿಗೇ ಮಾಡಬೇಕು.

ಅದಕ್ಕೇ ತಮ್ಮ ಈಗ ಕಟಿಂಗ್ ಮೇಜನ್ನು ಫೋನಿನ ಪಕ್ಕಕ್ಕೆ ಎಳೆದುಕೊಂಡಿದ್ದಾನೆ. ಬಂದದ್ದನ್ನೆಲ್ಲ ಎತ್ತುತ್ತಾನೆ. "ಇದೀನಪ್ಪಾ, ಹೇಳು" ಎನ್ನುತ್ತಾನೆ. ಅವರು ಹೇಳುತ್ತಾರೆ. ನಗುತ್ತಾರೆ. ಅವನು ಪೂರ್ತಿ ಕೇಳುತ್ತಾನೆ, ನಗುವಿನ ಹಿಂದೆ ಇನ್ನೇನಾದರೂ ಇದೆಯೇ ಎಂದು. ಕೆಲವು ದಿನ ಅವನ ಮುಖ ಬೂದಿಯಾಗಿಬಿಡುತ್ತದೆ. ಆಗ ಕತ್ತರಿಯನ್ನು ತಾನಾಗಿಯೇ ನನ್ನ ಕೈಗೆ ಕೊಟ್ಟು, ಮೇಲೆ ಹೋಗಿ ಮಲಗುತ್ತಾನೆ, ಅಜ್ಜಿ ಜೊತೆಗೆ ಹೋಗಿ ಕೂರುತ್ತಾಳೆ. ಫೋನಿನ ಹತ್ತಿರ ನಾನು ನಿಲ್ಲುತ್ತೇನೆ. ಆ ಹುಡುಗಿಯಿಂದ ಇಲ್ಲಿಯವರೆಗೆ ಫೋನು ಬಂದಿಲ್ಲ.

ಇವತ್ತು ಅವನು ಓವರ್‌ಲಾಕನ ಜೊತೆ ಡಾಕ್ಟರಮ್ಮನ ಹತ್ತಿರ ಹೋಗಿದ್ದ. ಫೋನು ಬಂತು. ಎತ್ತಿದೆ.

"ಹಾರೋ ಮಾಸ್ಟರ್ ಇದಾರಾ?" ಕಿಸಕ್ಕನೆ ನಗು. ಹುಡುಗನೋ ಹುಡುಗಿಯೋ ತಿಳಿಯಲಿಲ್ಲ.

ನನ್ನ ನಾಲಿಗೆಯ ತುದಿಗೆ ಅವರ ವಂಶವೆಲ್ಲ ಬಂದು ನಿಂತಿತು. ನುಂಗಿಕೊಂಡೆ. "ಆಚೆ ಹೋಗಿದಾನೆ, ಈಗ ಬರ್ತಾನೆ. ಅಲ್ಲೀವರೆಗೂ ನನ್ನ ಹತ್ರ ಮಾತಾಡಿ. ನಾನು ಅವನ ಅಕ್ಕ. ಬೈಯಲ್ಲ, ಇಡ್ಬೇಡಿ" ಎಂದೆ.

ನಗು ನಿಂತಿತು. ಒಂದು ಉಸಿರು ಕೇಳಿಸಿತು. ಆಮೇಲೆ ಲೈನು ಕಡಿದುಹೋಯಿತು. ರಿಸೀವರನ್ನು ಕಿವಿಯಿಂದ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಅಜ್ಜಿ ನೋಡುತ್ತಿದ್ದರೂ ನಾಚಿಕೆ ಬಿಟ್ಟು, ಆ ಖಾಲಿ ಲೈನಿಗೇ ಹೇಳತೊಡಗಿದೆ. "ಒಬ್ಬ ಬಸ್ ಕಂಡಕ್ಟರ್ ಇಳಿದು ಬಂದನಂತೆ ಕಣಮ್ಮಾ. ಯಾಕೆ ಅಂತ ಕೇಳಲಿಲ್ಲವಂತೆ..."